ಕಾರಿನ ‘ಅಡಾಸ್’ ಎಷ್ಟರ ಮಟ್ಟಿಗೆ ಕಾಯುತ್ತದೆ? ಚಾಲಕ ತಿಳಿದಿರಬೇಕಾದ ಪೆಡಲು, ದೀಪ, ಸಂಜ್ಞೆಗಳು

2024ರ ಡಿಸೆಂಬರ್ 21ರಂದು ನೆಲಮಂಗಲದ ಬಳಿ ಬೆಂಗಳೂರು-ತುಮಕೂರು ಹೆದ್ದಾರಿಯಲ್ಲಿ ಕಂಟೇನರ್ ಲಾರಿಯೊಂದು ಕಾರಿನ ಮೇಲೆ ಉರುಳಿಬಿದ್ದು ಒಂದೇ ಕುಟುಂಬದ ಆರು ಮಂದಿ ಅಸುನೀಗಿದರು. ಅದು ಸುರಕ್ಷತೆಗೆ ಜಗತ್ತಿನಾದ್ಯಂತ ಹೆಸರಾದ ಕಾರು. ಅಂಥ ಕಾರಿನಲ್ಲಿದ್ದವರೂ ಉಳಿಯಲಿಲ್ಲವಲ್ಲ ಎಂಬ ಮಾತು ಹಲವು ದಿನ ಕೇಳಿಬಂತು. ಟನ್‌ಗಟ್ಟಲೆ ಭಾರ ಮೇಲಿನಿಂದ ಬಿದ್ದಾಗ ಯಾವ ಕಾರೂ ತಡೆಯಲಾರದು, ಅದಕ್ಕೆಂದು ಯಾವ ಕಾರನ್ನೂ ರೂಪಿಸಿಲ್ಲ ಎಂಬುದು ಅದಕ್ಕೆ ಇರುವ ಉತ್ತರ. ಹಾಗಾದರೆ ಇಂದಿನ ಕಾರುಗಳಲ್ಲಿ ತುಂಬಿರುವ ಸಾಧನಗಳು ಯಾವುದರಿಂದ ಕಾಯುತ್ತವೆ, ಯಾವುದರಿಂದ ಕಾಯುವುದಿಲ್ಲ?

ಈ ಪ್ರಶ್ನೆ ಶೋರೂಮಿನಲ್ಲಿ ಏಳುವುದು ಅಪರೂಪ. ಅಲ್ಲಿ ಸನ್‌ರೂಫ್ ತೆರೆದು ತೋರಿಸುತ್ತಾರೆ, ಮೊಬೈಲನ್ನು ಟಚ್‌ಸ್ಕ್ರೀನಿಗೆ ಜೋಡಿಸಿ ಹಾಡು ಕೇಳಿಸುತ್ತಾರೆ. ಪೂಜೆಯಾಗಿ, ಚಕ್ರದಡಿ ನಿಂಬೆಹಣ್ಣು ಅಪ್ಪಚ್ಚಿಯಾಗಿ ಕಾರು ಮನೆ ಸೇರುತ್ತದೆ. ಇನ್ನೂರು ಮುನ್ನೂರು ಪುಟಗಳ ಮಾಲೀಕರ ಕೈಪಿಡಿ ಮಾತ್ರ ಗ್ಲೋವ್ ಬಾಕ್ಸಿನಲ್ಲಿ ಪ್ಲಾಸ್ಟಿಕ್ ಚೀಲ ಬಿಚ್ಚದೆ ಉಳಿದುಬಿಡುತ್ತದೆ.

ಕಾಲಡಿಯ ಪೆಡಲುಗಳು

ಗೇರಿನ ಕಾರಿನಲ್ಲಿ ಬಲದಿಂದ ಎಡಕ್ಕೆ ಆಕ್ಸಿಲರೇಟರ್, ಬ್ರೇಕ್, ಕ್ಲಚ್ ಎಂಬ ಮೂರು ಪೆಡಲುಗಳಿರುತ್ತವೆ. ಮೊದಲಿನ ಎರಡಕ್ಕೂ ಬಲಗಾಲು, ಕ್ಲಚ್ಚಿಗೆ ಎಡಗಾಲು. ಆಟೊಮ್ಯಾಟಿಕ್ ಕಾರಿನಲ್ಲಿ ಕ್ಲಚ್ ಪೆಡಲು ಇರುವುದಿಲ್ಲವಾದ್ದರಿಂದ ಎಡಗಾಲಿಗೆ ಕೆಲಸವೇ ಇಲ್ಲ. ವರ್ಷಗಟ್ಟಲೆ ಗೇರಿನ ಕಾರು ಓಡಿಸಿ ಆಟೊಮ್ಯಾಟಿಕ್‌ಗೆ ಬಂದವರು ಎಡವುವುದು ಇಲ್ಲಿಯೇ. ರೂಢಿಯ ಬಲದಿಂದ ಎಡಗಾಲು ಕ್ಲಚ್ ಹುಡುಕುತ್ತ ಹೋಗಿ ಬ್ರೇಕನ್ನು ಪೂರ್ತಿ ಒತ್ತಿಬಿಡುತ್ತದೆ. ಪಾರ್ಕಿಂಗ್ ಜಾಗದಲ್ಲಿ ಗಾಬರಿಯಿಂದ ಬ್ರೇಕ್ ಎಂದುಕೊಂಡು ಆಕ್ಸಿಲರೇಟರ್ ತುಳಿಯುವುದು ಇನ್ನೂ ಅಪಾಯಕರ. ಎಡಗಾಲನ್ನು ಬದಿಯ ಕಾಲುಮಣೆಯ ಮೇಲಿಟ್ಟು ಮರೆತುಬಿಡುವುದು, ‘ಡಿ’ ಅಥವಾ ‘ಆರ್’ ಹಾಕುವಾಗ ಬಲಗಾಲು ಬ್ರೇಕಿನ ಮೇಲೆಯೇ ಇರುವಂತೆ ನೋಡಿಕೊಳ್ಳುವುದು ಇದಕ್ಕಿರುವ ಉಪಾಯ. ಬ್ರೇಕ್ ಬಿಟ್ಟೊಡನೆ ಬಹುತೇಕ ಆಟೊಮ್ಯಾಟಿಕ್ ಕಾರುಗಳು ಆಕ್ಸಿಲರೇಟರ್ ಒತ್ತದಿದ್ದರೂ ಮೆಲ್ಲನೆ ಮುಂದೆ ಸರಿಯುತ್ತವೆ ಎಂಬುದೂ ನೆನಪಿನಲ್ಲಿರಬೇಕು.

ಯಾವ ತಂತ್ರಜ್ಞಾನವೂ ತಡೆಯಲಾರದ ಅಪಾಯವೊಂದು ಇಲ್ಲಿಯೇ ಇದೆ: ಸೀಟಿನಡಿಯಿಂದ ಉರುಳಿ ಬ್ರೇಕ್ ಪೆಡಲಿನ ಕೆಳಗೆ ಸಿಕ್ಕಿಕೊಳ್ಳುವ ನೀರಿನ ಬಾಟಲಿ. ಒಂದರ ಮೇಲೊಂದು ಹಾಸಿದ ಮ್ಯಾಟುಗಳೂ ಜಾರಿ ಪೆಡಲನ್ನು ಹಿಡಿದಿಡಬಲ್ಲವು.

ಸ್ಟೀರಿಂಗಿನ ಹಿಂದಿನ ಕಡ್ಡಿಗಳ ವಿಷಯದಲ್ಲಿ ಎಲ್ಲ ಕಾರುಗಳೂ ಒಂದೇ ಅಲ್ಲ. ಮಾರುತಿ, ಹುಂಡೈ, ಹೋಂಡಾ ಕಾರುಗಳಲ್ಲಿ ಇಂಡಿಕೇಟರ್ ಬಲಗೈ ಬದಿಗೆ, ವೈಪರ್ ಎಡಕ್ಕೆ. ಫೋಕ್ಸ್‌ವ್ಯಾಗನ್, ಸ್ಕೋಡಾ ಮುಂತಾದ ಯುರೋಪ್ ಮೂಲದ ಕಾರುಗಳಲ್ಲಿ ಇದು ಅದಲುಬದಲು. ಬೇರೆಯವರ ಕಾರು ಪಡೆದವರು ತಿರುವಿನಲ್ಲಿ ಇಂಡಿಕೇಟರಿನ ಬದಲು ವೈಪರ್ ಆಡಿಸುವುದಕ್ಕೆ ಕಾರಣ ಇದೇ.

ನಾಲ್ಕೂ ಇಂಡಿಕೇಟರುಗಳು ಒಟ್ಟಿಗೆ ಮಿನುಗುವ ಹಜಾರ್ಡ್ ದೀಪದ ದುರ್ಬಳಕೆಯಂತೂ ನಮ್ಮ ರಸ್ತೆಗಳಲ್ಲಿ ಸಾಮಾನ್ಯ. ಅದು ಕೆಟ್ಟುನಿಂತ ಅಥವಾ ಅಪಾಯ ಒಡ್ಡುವಂತೆ ನಿಂತ ವಾಹನದ ಸಂಜ್ಞೆ. ಶಿರಾಡಿ, ಆಗುಂಬೆ, ಚಾರ್ಮಾಡಿ ಘಾಟಿಗಳಲ್ಲಿ ಮಳೆ, ಮಂಜು ಕವಿದೊಡನೆ ಅನೇಕರು ಇದನ್ನು ಹಾಕಿಕೊಂಡೇ ಓಡಿಸುತ್ತಾರೆ. ಆಗ ಮುಂದಿನ ಕಾರು ನಿಂತಿದೆಯೋ ಚಲಿಸುತ್ತಿದೆಯೋ, ಎಡಕ್ಕೆ ಹೊರಳುತ್ತದೆಯೋ ಬಲಕ್ಕೋ ಎಂಬುದು ಹಿಂದಿನವರಿಗೆ ತಿಳಿಯದು. ಮಂಜಿನಲ್ಲಿ ಬೇಕಾದುದು ಲೋ ಬೀಮ್ ಮತ್ತು ಇದ್ದರೆ ಫಾಗ್ ಲ್ಯಾಂಪ್. ಹೈಬೀಮಿನ ಬೆಳಕು ಮಂಜಿಗೆ ಬಡಿದು ಚಾಲಕನ ಕಣ್ಣಿಗೇ ಮರಳುತ್ತದೆ.

ಕೆಂಪು ಬೇರೆ, ಹಳದಿ ಬೇರೆ

ಡ್ಯಾಶ್‌ಬೋರ್ಡಿನ ದೀಪಗಳ ಭಾಷೆ ಸರಳ. ಹಸಿರು, ನೀಲಿ ಎಂದರೆ ಯಾವುದೋ ಒಂದು ಸಾಧನ ಚಾಲೂ ಇದೆ ಎಂದಷ್ಟೇ. ನೀಲಿ ಬಹುತೇಕ ಹೈಬೀಮಿನದು. ಹಳದಿ ಎಂದರೆ ದೋಷವಿದೆ, ಬೇಗ ಗ್ಯಾರೇಜಿಗೆ ತೋರಿಸಿ ಎಂಬ ಸೂಚನೆ. ಕೆಂಪು ಬಂದರೆ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ನೋಡಬೇಕು. ಎಣ್ಣೆಯ ಗಿಂಡಿಯಂತಿರುವ ಕೆಂಪು ದೀಪ ಎಂಜಿನ್ ಆಯಿಲಿನ ಒತ್ತಡ ಕುಸಿದಿರುವುದನ್ನು ಹೇಳುತ್ತದೆ. ಅದು ಉರಿಯುತ್ತಿರುವಾಗಲೂ ‘ಮುಂದಿನ ಊರಿನವರೆಗೆ’ ಓಡಿಸಿದರೆ ಎಂಜಿನ್ ಕಚ್ಚಿಕೊಂಡು ದೊಡ್ಡ ಖರ್ಚಿಗೆ ದಾರಿಯಾಗಬಹುದು.

ಹಳದಿಯ ‘ಎಬಿಎಸ್’ ದೀಪ ಒಂದೇ ಉರಿದರೆ ಸಾಮಾನ್ಯ ಬ್ರೇಕ್ ಕೆಲಸ ಮಾಡುತ್ತದೆ, ಚಕ್ರ ಬಿಗಿಯಾಗದಂತೆ ತಡೆಯುವ ಸೌಲಭ್ಯ ಮಾತ್ರ ಇರದು. ಅದರ ಜೊತೆಗೆ ಕೆಂಪು ಬ್ರೇಕ್ ದೀಪವೂ ಉರಿದರೆ ಮುಂದಿನ ಮತ್ತು ಹಿಂದಿನ ಚಕ್ರಗಳಿಗೆ ಬ್ರೇಕಿನ ಬಲ ಹಂಚುವ ವ್ಯವಸ್ಥೆಯೂ ಕೈಕೊಟ್ಟಿರುವ ಸಾಧ್ಯತೆ ಇದೆ. ಅಂಥ ಕಾರು ಜೋರಾಗಿ ಬ್ರೇಕ್ ಹಾಕಿದಾಗ ಗಿರಕಿ ಹೊಡೆಯಬಹುದಾದ್ದರಿಂದ ಟೋಯಿಂಗ್ ವಾಹನ ಕರೆಸುವುದೇ ಲೇಸು. ಇಂಜಿನ್ ಚಾಲೂ ಮಾಡುವ ಮುನ್ನ ಕ್ಷಣಕಾಲ ಎಲ್ಲ ದೀಪಗಳೂ ಬೆಳಗಿ ಆರುವುದು ಸಹಜ. ಆ ಹೊತ್ತಿನಲ್ಲಿ ಏರ್‌ಬ್ಯಾಗ್ ದೀಪ ಬೆಳಗಲೇ ಇಲ್ಲವೆಂದರೆ ಹಳೆಯ ಕಾರು ಕೊಳ್ಳುವವರು ಅನುಮಾನಿಸಬೇಕು. ದೋಷ ಕಾಣದಿರಲೆಂದು ದೀಪವನ್ನೇ ಕಿತ್ತಿರಬಹುದು!

ಎಬಿಎಸ್: ಕಾಲು ತೆಗೆಯಬಾರದು

ಜೋರಾಗಿ ಬ್ರೇಕ್ ಹಾಕಿದಾಗ ಚಕ್ರ ತಿರುಗುವುದು ನಿಂತು ಜಾರತೊಡಗಿದರೆ ಸ್ಟೀರಿಂಗ್ ತಿರುಗಿಸಿದರೂ ಕಾರು ನೇರ ಹೋಗುತ್ತದೆ. ಎಬಿಎಸ್ ಪ್ರತಿ ಚಕ್ರದ ವೇಗವನ್ನು ಗಮನಿಸುತ್ತಿದ್ದು, ಬಿಗಿಯಾಗುತ್ತಿರುವ ಚಕ್ರದ ಬ್ರೇಕನ್ನು ಸೆಕೆಂಡಿಗೆ ಹಲವು ಬಾರಿ ಬಿಟ್ಟು ಹಿಡಿಯುತ್ತದೆ. 1978ರಲ್ಲಿ ಬಾಷ್ ಕಂಪನಿಯ ಎಲೆಕ್ಟ್ರಾನಿಕ್ ಎಬಿಎಸ್ ಮರ್ಸಿಡಿಸ್‌ನ ಎಸ್-ಕ್ಲಾಸ್ ಕಾರಿನಲ್ಲಿ ಬಂತು. ಭಾರತದಲ್ಲಿ ಎಲ್ಲ ಹೊಸ ಕಾರುಗಳಿಗೂ ಅದು ಕಡ್ಡಾಯವಾದುದು 2019ರ ಏಪ್ರಿಲ್‌ನಲ್ಲಿ. ನಡುವೆ ನಾಲ್ಕು ದಶಕಗಳು ಸಂದವು.

ಎಬಿಎಸ್ ಕೆಲಸ ಮಾಡುವಾಗ ಪೆಡಲು ಕಾಲಿನಡಿ ಗಡಗಡ ನಡುಗುತ್ತದೆ, ಸದ್ದೂ ಬರುತ್ತದೆ. ಮೊದಲ ಬಾರಿ ಅನುಭವಿಸಿದವರು ಏನೋ ಮುರಿಯಿತೆಂದು ಹೆದರಿ ಕಾಲು ಸಡಿಲಿಸುತ್ತಾರೆ. ಮಾಡಬೇಕಾದುದು ಇದಕ್ಕೆ ತದ್ವಿರುದ್ಧ: ಪೆಡಲನ್ನು ಪೂರ್ತಿ ಒತ್ತಿ ಹಿಡಿದು, ಅಡ್ಡಿಯಿಂದ ಪಾರಾಗುವತ್ತ ಸ್ಟೀರಿಂಗ್ ತಿರುಗಿಸಬೇಕು. ಹಳೆಯ ಚಾಲಕರು ಕಲಿತ ‘ಬ್ರೇಕನ್ನು ಬಿಟ್ಟು ಬಿಟ್ಟು ತುಳಿಯುವ’ ಪಾಠ ಎಬಿಎಸ್ ಇರುವ ಕಾರಿಗೆ ಅನ್ವಯಿಸದು. ಎಬಿಎಸ್ ಇದ್ದರೆ ಕಾರು ಯಾವಾಗಲೂ ಬೇಗ ನಿಲ್ಲುತ್ತದೆ ಎಂಬ ನಂಬಿಕೆಯೂ ಸರಿಯಲ್ಲ. ಜಲ್ಲಿ, ಸಡಿಲ ಮಣ್ಣಿನ ಮೇಲೆ ನಿಲ್ಲುವ ದೂರ ಹೆಚ್ಚಲೂಬಹುದು. ಸ್ಟೀರಿಂಗ್ ಹಿಡಿತ ಉಳಿಸಿಕೊಡುವುದೇ ಅದರ ಮುಖ್ಯ ಕೆಲಸ.

ತಿರುವಿನಲ್ಲಿ ಕಾರು ಜಾರಿದಾಗ ಒಂದೊಂದೇ ಚಕ್ರಕ್ಕೆ ಬ್ರೇಕ್ ಹಾಕಿ ದಾರಿಗೆ ತರುವ ಇಎಸ್‌ಸಿ ಇದರ ಮುಂದಿನ ಹೆಜ್ಜೆ. ಅಂಕುಡೊಂಕು ಗೆರೆ ಬಿಟ್ಟು ಹೋಗುವ ಕಾರಿನ ಚಿತ್ರ ಮಿನುಗಿದರೆ ಅದು ಕೆಲಸ ಮಾಡುತ್ತಿದೆ ಎಂದರ್ಥ. ಒಂದೇ ಸಮನೆ ಉರಿದರೆ ಯಾರೋ ಅದನ್ನು ಆಫ್ ಮಾಡಿದ್ದಾರೆ ಅಥವಾ ಕೆಟ್ಟಿದೆ.

ಬೆಲ್ಟಿಲ್ಲದ ಏರ್‌ಬ್ಯಾಗ್

ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಮಂದಿ ಸತ್ತರು. ಇವರಲ್ಲಿ 16,715 ಮಂದಿ ಸೀಟ್‌ಬೆಲ್ಟ್ ಧರಿಸಿರಲಿಲ್ಲ. ಅವರಲ್ಲಿ ಸರಿಸುಮಾರು ಅರ್ಧದಷ್ಟು ಮಂದಿ ಚಾಲಕರಲ್ಲ, ಪ್ರಯಾಣಿಕರು. ಅದೇ ವರ್ಷದ ಸೆಪ್ಟೆಂಬರ್ 4ರಂದು ಮಹಾರಾಷ್ಟ್ರದ ಪಾಲ್ಘರ್ ಬಳಿ ಉದ್ಯಮಿ ಸೈರಸ್ ಮಿಸ್ತ್ರಿ ಮೃತಪಟ್ಟಾಗ ಹಿಂದಿನ ಸೀಟಿನ ಬೆಲ್ಟಿನ ಬಗ್ಗೆ ದೇಶ ಕೆಲಕಾಲ ಮಾತನಾಡಿತು. ಹಿಂದೆ ಕುಳಿತವರೂ ಬೆಲ್ಟ್ ಹಾಕಬೇಕೆಂಬ ನಿಯಮ ಅದಕ್ಕೂ ಮೊದಲೇ ಇತ್ತು. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆ ಬೆಲ್ಟ್ ಧರಿಸದಿದ್ದರೆ 1,000 ರೂ. ದಂಡ ವಿಧಿಸುತ್ತದೆ.

ಏರ್‌ಬ್ಯಾಗ್ ಬೆಲ್ಟಿಗೆ ಬದಲಿ ಅಲ್ಲ. ಡ್ಯಾಶ್‌ಬೋರ್ಡಿನ ಮೇಲೆ ಅಚ್ಚಾಗಿರುವ ‘ಎಸ್‌ಆರ್‌ಎಸ್’ ಎಂಬ ಅಕ್ಷರಗಳಲ್ಲಿ ಮೊದಲನೆಯದರ ಅರ್ಥವೇ ‘ಪೂರಕ’. ಡಿಕ್ಕಿಯಾದ ಕಣ್ಣೆವೆಯಿಕ್ಕುವುದರೊಳಗೆ ಚೀಲ ಸ್ಫೋಟದ ಬಲದಿಂದ ಉಬ್ಬುತ್ತದೆ. ಬೆಲ್ಟ್ ಇಲ್ಲದ ವ್ಯಕ್ತಿ ಅಷ್ಟರಲ್ಲಿ ಮುಂದಕ್ಕೆ ಎಸೆಯಲ್ಪಟ್ಟಿರುತ್ತಾನಾದ್ದರಿಂದ ಉಬ್ಬುತ್ತಿರುವ ಚೀಲವೇ ಅವನಿಗೆ ಪೆಟ್ಟು ಕೊಡಬಲ್ಲದು. ಮಗುವನ್ನು ಮಡಿಲಲ್ಲಿಟ್ಟುಕೊಂಡು ಮುಂದೆ ಕೂರುವುದು ಇದೇ ಕಾರಣಕ್ಕೆ ಅತ್ಯಂತ ಅಪಾಯಕರ.

2019ರ ಜುಲೈ 1ರಿಂದ ಬೆಲ್ಟ್ ನೆನಪಿಸುವ ಸದ್ದು, ಹಿಂಬದಿಯ ಪಾರ್ಕಿಂಗ್ ಸೆನ್ಸರ್, ಚಾಲಕನ ಏರ್‌ಬ್ಯಾಗ್ ಮತ್ತು ವೇಗದ ಎಚ್ಚರಿಕೆ ಎಲ್ಲ ಹೊಸ ಕಾರುಗಳಿಗೂ ಕಡ್ಡಾಯ. ವೇಗ ಗಂಟೆಗೆ 80 ಕಿ.ಮೀ. ದಾಟಿದರೆ ಸದ್ದು ಆಗಾಗ, 120 ದಾಟಿದರೆ ಎಡೆಬಿಡದೆ ಬರುತ್ತದೆ. ಈ ಸದ್ದು ಕಿರಿಕಿರಿ ಎಂದು ಬೆಲ್ಟಿನ ಕೊಂಡಿಗೆ ನಕಲಿ ಕ್ಲಿಪ್ ಸಿಕ್ಕಿಸುವವರ ಸಂಖ್ಯೆ ಕಡಿಮೆಯೇನಿಲ್ಲ. 2023ರಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಐದು ಆನ್‌ಲೈನ್ ಮಾರಾಟ ಕಂಪನಿಗಳಿಗೆ ಅವುಗಳ ಮಾರಾಟ ನಿಲ್ಲಿಸುವಂತೆ ಆದೇಶಿಸಬೇಕಾಯಿತು.

ಕುರುಡ ಎಂಜಿನಿಯರನಿಂದ ರೇಡಾರಿನವರೆಗೆ

ಈಗ ಜಾಹೀರಾತುಗಳಲ್ಲಿ ಮೆರೆಯುತ್ತಿರುವ ‘ಅಡಾಸ್’ ಎಂಬುದು ಒಂದು ಯಂತ್ರವಲ್ಲ, ಚಾಲಕನಿಗೆ ನೆರವಾಗುವ ಹಲವು ಸೌಲಭ್ಯಗಳ ಸಮೂಹನಾಮ. ಇವುಗಳ ಪೈಕಿ ಹಿರಿಯದು ಕ್ರೂಸ್ ಕಂಟ್ರೋಲ್. ಬಾಲ್ಯದಲ್ಲೇ ದೃಷ್ಟಿ ಕಳೆದುಕೊಂಡಿದ್ದ ಅಮೆರಿಕದ ಎಂಜಿನಿಯರ್ ರಾಲ್ಫ್ ಟೀಟರ್, ತಮ್ಮ ವಕೀಲ ಮಾತಿನ ಭರದಲ್ಲಿ ಕಾರಿನ ವೇಗವನ್ನು ಏರಿಸಿ ಇಳಿಸಿ ಕುಲುಕಾಡಿಸುತ್ತಿದ್ದುದರಿಂದ ಬೇಸತ್ತು ಇದನ್ನು ರೂಪಿಸಿದರೆಂದು ಹೇಳುತ್ತಾರೆ. 1958ರಲ್ಲಿ ಕ್ರೈಸ್ಲರ್ ಕಂಪನಿಯ ಕಾರುಗಳಲ್ಲಿ ಅದು ಬಂತು. ಸಾಮಾನ್ಯ ಕ್ರೂಸ್ ಕಂಟ್ರೋಲ್ ನಿಗದಿ ಮಾಡಿದ ವೇಗವನ್ನು ಕುರುಡಾಗಿ ಕಾಯ್ದುಕೊಳ್ಳುತ್ತದೆ. ‘ಅಡಾಪ್ಟಿವ್’ ಎಂಬುದಾದರೆ ಬಂಪರಿನ ಬಳಿಯ ರೇಡಾರ್ ಅಥವಾ ಗಾಜಿನ ಹಿಂದಿನ ಕ್ಯಾಮೆರಾ ಮೂಲಕ ಮುಂದಿನ ವಾಹನವನ್ನು ಗಮನಿಸಿ ಅಂತರ ಕಾಯುತ್ತದೆ.

ಮುಂದೆ ಡಿಕ್ಕಿಯಾಗಬಹುದೆಂದು ಎಚ್ಚರಿಸಿ, ಚಾಲಕ ಸುಮ್ಮನಿದ್ದರೆ ತಾನೇ ಬ್ರೇಕ್ ಹಾಕುವ ತುರ್ತು ಬ್ರೇಕ್, ಪಥದ ಗೆರೆ ದಾಟಿದರೆ ಸ್ಟೀರಿಂಗನ್ನು ಮೆಲ್ಲನೆ ಎಳೆಯುವ ಲೇನ್ ಸಹಾಯ, ಕನ್ನಡಿಗೆ ಕಾಣದ ಬದಿಯ ವಾಹನವನ್ನು ಸೂಚಿಸುವ ಬ್ಲೈಂಡ್ ಸ್ಪಾಟ್ ದೀಪ ಇವೆಲ್ಲ ಈ ಗುಂಪಿನವು. ಭಾರತದಲ್ಲಿ 2021ರಲ್ಲಿ ಎಂಜಿ ಆಸ್ಟರ್, ಮಹೀಂದ್ರಾ ಎಕ್ಸ್‌ಯುವಿ 700 ಬಂದ ಬಳಿಕ ಇವು ಮಧ್ಯಮವರ್ಗದ ಕೈಗೆಟುಕಿದವು.

ಜಾಹೀರಾತಿನ ‘ಲೆವೆಲ್ 2’ ಎಂಬ ಪದವನ್ನು ಸರಿಯಾಗಿ ಅರಿಯಬೇಕು. ಸೊನ್ನೆಯಿಂದ ಐದರವರೆಗಿನ ಅಂತಾರಾಷ್ಟ್ರೀಯ ಅಳತೆಯಲ್ಲಿ ಎರಡು ಎಂದರೆ ವೇಗ ಮತ್ತು ಸ್ಟೀರಿಂಗ್ ಎರಡಕ್ಕೂ ಕಾರು ಏಕಕಾಲಕ್ಕೆ ನೆರವಾಗಬಲ್ಲದು, ಆದರೆ ಚಾಲಕ ಸದಾ ರಸ್ತೆ ನೋಡುತ್ತಿರಬೇಕು, ಹೊಣೆಯೂ ಅವನದೇ. ಕಾರು ತಾನಾಗಿ ಓಡುತ್ತದೆ ಎಂದು ಕೈಬಿಟ್ಟು ಹಿಂದಿನ ಸೀಟಿನವರೊಡನೆ ಹರಟುವ ವಿಡಿಯೊಗಳು ಶುದ್ಧ ಹುಚ್ಚುತನವೇ ಸರಿ.

ನಮ್ಮ ರಸ್ತೆಯಲ್ಲಿ ಈ ಸಾಧನಗಳ ಕಣ್ಣಿಗೆ ಬೀಳದ ಸಂಗತಿಗಳು ಬಹಳ. ಗಂಟೆಗೆ 100 ಕಿ.ಮೀ. ವೇಗದ ಕಾರು ಒಂದು ಸೆಕೆಂಡಿನಲ್ಲಿ ಸುಮಾರು 28 ಮೀಟರ್ ಸಾಗಿರುತ್ತದೆ. ಅಷ್ಟರಲ್ಲಿ ಎದುರಾಗುವುದು ಹೆದ್ದಾರಿಯ ಅಂಚಿನಲ್ಲಿ ದೀಪವಿಲ್ಲದೆ ನಿಂತ ಲಾರಿಯಾಗಿರಬಹುದು. ಅಧಿಕ ವೇಗದಲ್ಲಿ ನಿಂತ ವಾಹನವನ್ನು ಗುರುತಿಸಲು ಹಲವು ಕಾರುಗಳ ಅಡಾಪ್ಟಿವ್ ಕ್ರೂಸ್ ವಿಫಲವಾಗಬಹುದೆಂದು ಕೈಪಿಡಿಗಳೇ ಎಚ್ಚರಿಸುತ್ತವೆ. ಸೇತುವೆ, ಫಲಕಗಳಂಥ ನಿಂತ ವಸ್ತುಗಳಿಗೆಲ್ಲ ಬ್ರೇಕ್ ಬೀಳದಿರಲೆಂದು ರೇಡಾರ್ ಅಂಥ ಸಂಕೇತಗಳನ್ನು ಬದಿಗಿಡುವುದು ಇದಕ್ಕೆ ಒಂದು ಕಾರಣ. ಅಡ್ಡಬರುವ ಎಮ್ಮೆ, ಬಣ್ಣ ಬಳಿಯದ ರಸ್ತೆ ಉಬ್ಬು, ಕಬ್ಬು ಹೇರಿದ ಟ್ರ್ಯಾಕ್ಟರಿನ ಟ್ರೇಲರು, ಎದುರು ದಿಕ್ಕಿನಿಂದ ಬರುವ ಬೈಕು ಇವುಗಳನ್ನು ಕ್ಯಾಮೆರಾ ಗುರುತಿಸಿಯೇ ತೀರುತ್ತದೆಂಬ ಭರವಸೆಯನ್ನು ಯಾವ ಕಂಪನಿಯೂ ಕೊಡುವುದಿಲ್ಲ. ಜೋರು ಮಳೆ, ಕೆಸರು ಮೆತ್ತಿದ ಗಾಜು, ಎದುರಿನ ಬಿಸಿಲು ಬಂದರಂತೂ ‘ಸೌಲಭ್ಯ ಲಭ್ಯವಿಲ್ಲ’ ಎಂಬ ಸಂದೇಶ ಮೂಡುತ್ತದೆ. ಅದನ್ನು ಓದದ ಚಾಲಕ ಕಾರು ಇನ್ನೂ ಕಾಯುತ್ತಿದೆ ಎಂದೇ ನಂಬಿರುತ್ತಾನೆ.

ಇದರ ಇನ್ನೊಂದು ಮುಖವೂ ಇದೆ. ನಗರದ ದಟ್ಟಣೆಯಲ್ಲಿ ದ್ವಿಚಕ್ರವಾಹನವೊಂದು ಮುಂದೆ ನುಸುಳಿದಾಗ ಕಾರು ಹಠಾತ್ ಬ್ರೇಕ್ ಹಾಕಿದರೆ ಹಿಂದಿನ ವಾಹನ ಬಂದು ಗುದ್ದಬಹುದು. ಬೇಸತ್ತು ಇಡೀ ವ್ಯವಸ್ಥೆಯನ್ನೇ ಆಫ್ ಮಾಡುವವರಿದ್ದಾರೆ. ಅದಕ್ಕಿಂತ ಎಚ್ಚರಿಕೆಯ ಸೂಕ್ಷ್ಮತೆಯನ್ನು ‘ತಡವಾಗಿ’ ಎಂಬಲ್ಲಿಗೆ ಇಳಿಸಿ, ಪೇಟೆಯೊಳಗೆ ಲೇನ್ ಸಹಾಯವನ್ನಷ್ಟೇ ನಿಲ್ಲಿಸಿ, ತುರ್ತು ಬ್ರೇಕನ್ನು ಉಳಿಸಿಕೊಳ್ಳುವುದು ವಿವೇಕ. ಲೇನ್ ಬದಲಿಸುವಾಗ ಸ್ಟೀರಿಂಗ್ ಎದುರು ಎಳೆಯುತ್ತದೆ ಎಂದು ದೂರುವವರು ಬಹುತೇಕ ಇಂಡಿಕೇಟರ್ ಹಾಕದವರು. ಇಂಡಿಕೇಟರ್ ಹಾಕಿದರೆ ಆ ಎಳೆತ ಇರುವುದಿಲ್ಲ.

ಕಲ್ಲು ಸಿಡಿದು ಮುಂದಿನ ಗಾಜು ಬದಲಿಸಬೇಕಾಗಿ ಬಂದರೆ ಅದರ ಹಿಂದಿನ ಕ್ಯಾಮೆರಾದ ದೃಷ್ಟಿಕೋನವನ್ನು ಉಪಕರಣದ ನೆರವಿನಿಂದ ಮತ್ತೆ ಹೊಂದಿಸಬೇಕು. ಇದಕ್ಕೆ ಕ್ಯಾಲಿಬ್ರೇಷನ್ ಎನ್ನುತ್ತಾರೆ. ರಸ್ತೆಬದಿಯ ಗಾಜಿನಂಗಡಿಯಲ್ಲಿ ಈ ಸೌಕರ್ಯ ಸಾಮಾನ್ಯವಾಗಿ ಇರದು. ಬಂಪರಿಗೆ ಪೆಟ್ಟಾಗಿ ರಿಪೇರಿ ಮಾಡಿಸಿದಾಗಲೂ ರೇಡಾರ್ ನೇರವಿದೆಯೇ ಎಂದು ಪರೀಕ್ಷಿಸಬೇಕು. ಅಂದಕ್ಕೆಂದು ಮುಂದೆ ಕಬ್ಬಿಣದ ಗಾರ್ಡ್ ಜೋಡಿಸಿದರೆ ರೇಡಾರಿಗೂ ಅಡ್ಡಿ, ಏರ್‌ಬ್ಯಾಗಿನ ಸೆನ್ಸರಿಗೂ ಅಡ್ಡಿ. ಇಂಥ ಗಾರ್ಡುಗಳ ವಿರುದ್ಧ ಕ್ರಮ ಕೈಗೊಳ್ಳುವಂತೆ 2017ರ ಡಿಸೆಂಬರ್‌ನಲ್ಲೇ ಕೇಂದ್ರ ಸಚಿವಾಲಯ ರಾಜ್ಯಗಳಿಗೆ ಬರೆದಿತ್ತು.

ಇದುವರೆಗಿನದು ಕಾರಿನ ಮಾತಾಯಿತು. ತುರ್ತು ಬ್ರೇಕ್, ಚಾಲಕ ತೂಕಡಿಸಿದರೆ ಎಚ್ಚರಿಸುವ ಸಾಧನ ಹಾಗೂ ಪಥ ತಪ್ಪಿದರೆ ಸೂಚಿಸುವ ವ್ಯವಸ್ಥೆಯನ್ನು ಬಸ್ಸು, ಲಾರಿಗಳಲ್ಲಿ ಅಳವಡಿಸುವ ಕರಡು ನಿಯಮವನ್ನು ಸಚಿವಾಲಯ 2025ರಲ್ಲಿ ಪ್ರಕಟಿಸಿತು. ಹಾಗೆ ಸಿದ್ಧವಾಗುವುದು ಹೊಸ ವಾಹನಗಳು ಮಾತ್ರ. ಈಗಾಗಲೇ ಹೆದ್ದಾರಿಯಲ್ಲಿರುವ ಹಳೆಯ ಲಾರಿಗಳು ಇನ್ನೂ ಹಲವು ವರ್ಷ ಇದೇ ಕಾರುಗಳ ಪಕ್ಕದಲ್ಲಿ ಓಡಲಿವೆ.