ಪದ ಪರಿಚಯ: ಪಾತ್ರ

ಪಾತ್ರ

ಮಲಯಾಳಂನ ಸೂಪರ್‌ಹೀರೋ ಚಿತ್ರ ‘ಮಿನ್ನಲ್ ಮುರಳಿ’ (2021) ನೋಡಿದವರ ಮಾತು ನಾಯಕ ಟೊವಿನೊ ಥಾಮಸ್‌ನಷ್ಟೇ ಖಳ ಶಿಬುವಿನ ಸುತ್ತಲೂ ಸುತ್ತುತ್ತದೆ. ‘ಶಿಬು ಪಾತ್ರ ಅದ್ಭುತ’ ಎನ್ನುವಾಗ ಹೊಗಳಿದ್ದು ಯಾರನ್ನು? ಬರೆದವರನ್ನೋ, ನಟಿಸಿದ ಗುರು ಸೋಮಸುಂದರಂ ಅವರನ್ನೋ? ಪಾತ್ರ ಬರವಣಿಗೆಯದು, ಅದನ್ನು ಹೊತ್ತವನು ಪಾತ್ರಧಾರಿ. ಈ ಭೇದ ಉಳಿಯಬೇಕು.

ಸಂಸ್ಕೃತದ ‘ಪಾ’ ಎಂದರೆ ಕುಡಿ. ಕುಡಿಯಲು ಬಳಸುವುದು ಪಾತ್ರ; ನಮ್ಮ ಅಡುಗೆಮನೆಯ ಪಾತ್ರೆ ಅದೇ. ತುಂಬಿಸಿಕೊಳ್ಳಬಲ್ಲದ್ದು ಎಂಬ ಅರ್ಥ ಮುಂದೆ ಹಲವು ಕಡೆ ಹರಿಯಿತು. ನೀರು ಹಿಡಿದಿಡುವುದು ನದೀಪಾತ್ರ, ದಾನಕ್ಕೆ ಯೋಗ್ಯನಾದವನು ಸತ್ಪಾತ್ರ. ‘ಮೆಚ್ಚುಗೆಗೆ ಪಾತ್ರ’ ಎನ್ನುವಾಗಲೂ ಯೋಗ್ಯತೆಯೇ ಮುಖ್ಯ. ಕನ್ನಡ ಶಾಸನಗಳಲ್ಲಿ ದೇವಾಲಯದ ನರ್ತಕಿಯೂ ‘ಪಾತ್ರ’ವೇ. ಅಂದರೆ ಕುಣಿಯುವ ವ್ಯಕ್ತಿಗೇ ಆ ಹೆಸರಿತ್ತು. ಈಗಿನ ಗೊಂದಲಕ್ಕೆ ಹಳೆಯ ಬೇರುಂಟು.

ತಮಿಳಿನ ಪಾತ್ತಿರಂ ಇಂದಿಗೂ ಪಾತ್ರೆಯೂ ಹೌದು, ಕಥೆಯ ವ್ಯಕ್ತಿಯೂ ಹೌದು. ಮಲಯಾಳಂ ‘ಕಥಾಪಾತ್ರಂ’ ಎಂದು ಸ್ಪಷ್ಟಗೊಳಿಸಿಕೊಂಡಿದೆ. ಬೌದ್ಧ ಭಿಕ್ಷುಗಳ ಭಿಕ್ಷಾಪಾತ್ರೆಯ ಜೊತೆ ಈ ಪದ ಚೀನಾ ದಾಟಿ ಜಪಾನಿನಲ್ಲಿ ‘ಹಾಚಿ’ ಆಯಿತು, ಬಟ್ಟಲು ಎಂಬ ಅರ್ಥದಲ್ಲಿ.

ಯಕ್ಷಗಾನದವರು ‘ಕರ್ಣನ ವೇಷ’ ಎನ್ನುತ್ತಾರೆ. ಅಲ್ಲಿ ಕಲಾವಿದನ ಪಾಲು ಕೂಡಲೇ ಕಾಣುತ್ತದೆ. ಸಿನಿಮಾಕ್ಕೆ ‘ಅಭಿನಯ’ ಎಂಬ ಒಳ್ಳೆಯ ಪದವೇ ಇದೆ. ಬ್ಯಾಟ್‌ಮನ್ ಕಥೆಗಳ ಖಳ ಜೋಕರ್ ಒಂದೇ ಪಾತ್ರ. 2008ರಲ್ಲಿ ಹೀತ್ ಲೆಜರ್, 2019ರಲ್ಲಿ ವಾಕೀನ್ ಫೀನಿಕ್ಸ್ ಅದಕ್ಕೆ ಕೊಟ್ಟ ಅಭಿನಯ ಬೇರೆ ಬೇರೆ, ಆಸ್ಕರ್ ಇಬ್ಬರಿಗೂ ಸಂದಿತು.