ಡಾಕಿನ ದುರಂತ ಮತ್ತು ಸ್ಮಾರಕ

ವಡಾಲದಿಂದ ಬಂದರಿಗೆ ಸಾಗುತ್ತಿದ್ದ ಸರಕುರೈಲಿನ ಹಾದಿಯು ನಮ್ಮನ್ನೊಂದು ಮಹಾದುರಂತದ ನೆಲಕ್ಕೆ ಒಯ್ಯುತ್ತದೆ. 1944ರ ಏಪ್ರಿಲ್ 14ರಂದು ವಿಕ್ಟೋರಿಯಾ ಡಾಕಿನಲ್ಲಿದ್ದ ‘ಫೋರ್ಟ್ ಸ್ಟಿಕೀನ್’ ಹಡಗಿನಲ್ಲಿ ಸುಮಾರು 1,400 ಟನ್ ಸಿಡಿಮದ್ದನ್ನೂ ಹತ್ತಿಯನ್ನೂ ಒಟ್ಟಿಗೆ ತುಂಬಿದ್ದರು. ಇದಕ್ಕಿಂತ ಅವಿವೇಕ ಬೇರುಂಟೆ? ಹತ್ತಿಗೆ ಬೆಂಕಿ ತಗುಲಿ ಸಂಜೆ 4.06ಕ್ಕೆ ಹಡಗು ಸಿಡಿಯಿತು; ಸುಮಾರು ಅರ್ಧ ಗಂಟೆಯಲ್ಲಿ ಮತ್ತೊಮ್ಮೆ. ಮರುವರ್ಷ ಅಣುಬಾಂಬಿಗೆ ಬಲಿಯಾದ ಹಿರೋಶಿಮವು 1955ರಲ್ಲಿ ತೆರೆದ ಸ್ಮಾರಕ ವಸ್ತುಸಂಗ್ರಹಾಲಯದಲ್ಲಿ, ಕರಕಾದ ಊಟದ ಡಬ್ಬಿಯೊಂದು ಅದರ ಒಡೆಯನಾದ ಬಾಲಕನ ಹೆಸರಿನೊಡನೆ ಉಳಿದಿದೆ. ಇಲ್ಲಿಯೂ, ಬೆಂಕಿ ನಂದಿಸಹೋಗಿ ಮಡಿದ 66 ಅಗ್ನಿಶಾಮಕರಿಗೆ ಬೈಕುಲಾದಲ್ಲಿ ಸ್ಮಾರಕವುಂಟು. ಆದರೆ ಕೂಲಿಗಳ ಮಾತೇನು? ಸತ್ತವರು 800 ಎಂದು ಕೆಲವರೂ 1,300 ಎಂದು ಕೆಲವರೂ ಬರೆಯುತ್ತಾರೆ. ಈ ಅಂತರವನ್ನು ಕಂಡಾಗ, ಡಾಕಿನ ಕೂಲಿಗಳ ನೋಂದಣಿಗೆ ಶಾಸನವಾದುದೇ 1948ರಲ್ಲಿ ಎಂಬುದನ್ನು ನೆನೆಯಬೇಕು.