ಚೀಟಿ ಎತ್ತಿ ಆರಿಸಿದ ಜ್ಯೂರಿ

ಭಾರತದಲ್ಲಿ ಜ್ಯೂರಿ ಪದ್ಧತಿ ಮೊದಲು ಬೇರೂರಿದ್ದು ಕಲ್ಕತ್ತಾ, ಮದ್ರಾಸು, ಮುಂಬಯಿಗಳ ಬ್ರಿಟಿಷ್ ನ್ಯಾಯಾಲಯಗಳಲ್ಲಿ. 1826ರ ಕಾಯಿದೆ ಭಾರತೀಯರಿಗೂ ಅದರಲ್ಲಿ ಜಾಗ ಕೊಟ್ಟಿತಾದರೂ, ಕ್ರೈಸ್ತ ಆರೋಪಿಯ ವಿಚಾರಣೆಗೆ ಕ್ರೈಸ್ತರೇ ಕೂರಬೇಕೆಂದಿತು. 1832ರಲ್ಲಿ ಆ ಅಡ್ಡಿ ತೊಲಗಿತು. 1861ರ ದಂಡ ಪ್ರಕ್ರಿಯಾ ಸಂಹಿತೆ ಸರ್ಕಾರ ಸೂಚಿಸಿದ ಜಿಲ್ಲೆಗಳಿಗೂ ಪದ್ಧತಿಯನ್ನು ಒಯ್ದಿತು.

ಆಯ್ಕೆಯ ವಿವರ 1898ರ ಸಂಹಿತೆಯಲ್ಲಿ ಸ್ಪಷ್ಟವಾಗಿದೆ. ಸೆಷನ್ಸ್ ನ್ಯಾಯಾಧೀಶರೂ ಕಲೆಕ್ಟರರೂ ಸೇರಿ ಅರ್ಹರ ಹೆಸರು, ಊರು, ಕಸುಬುಗಳ ಪಟ್ಟಿ ತಯಾರಿಸಿ, ತಕರಾರು ಕೇಳಿ, ವರ್ಷವರ್ಷ ತಿದ್ದುತ್ತಿದ್ದರು. ಇಪ್ಪತ್ತೊಂದರಿಂದ ಅರವತ್ತು ವರ್ಷದೊಳಗಿನ ಗಂಡಸರಷ್ಟೇ ಅರ್ಹರು. ಸಮನ್ಸ್ ಪಡೆದು ಬಂದವರಲ್ಲಿ ಚೀಟಿ ಎತ್ತಿ ಆರಿಸಲಾಗುತ್ತಿತ್ತು. ಒಬ್ಬೊಬ್ಬರ ಹೆಸರು ಕೂಗಿದಾಗಲೂ ಆಕ್ಷೇಪವುಂಟೇ ಎಂದು ಆರೋಪಿಯನ್ನು ಕೇಳಬೇಕಿತ್ತು. ಪಕ್ಷಪಾತ, ಪೊಲೀಸ್ ಹುದ್ದೆ, ಸಾಕ್ಷಿಯ ಭಾಷೆ ತಿಳಿಯದಿರುವುದು ಆಕ್ಷೇಪಕ್ಕೆ ಕಾರಣಗಳು. ವ್ರತ ಹಿಡಿದು ಲೌಕಿಕ ತೊರೆದವನನ್ನೂ ಬೇಡವೆನ್ನಬಹುದಿತ್ತು, ಸನ್ಯಾಸಿಗಳ ನಾಡಿಗೆ ತಕ್ಕ ನಿಯಮ!

ಜನಾಂಗಭೇದ ಮಾತ್ರ ಉಳಿದೇ ಇತ್ತು. ಯುರೋಪಿಯನ್ನರ ವಿಚಾರಣೆಯ ಅಧಿಕಾರವನ್ನು ಭಾರತೀಯ ನ್ಯಾಯಾಧೀಶರಿಗೂ ಕೊಡಹೊರಟ ಇಲ್ಬರ್ಟ್ ಮಸೂದೆಯ ಗದ್ದಲದ ನಂತರ, 1884ರಲ್ಲಿ, ಯುರೋಪಿಯನ್ ಬ್ರಿಟಿಷ್ ಆರೋಪಿಗಳಿಗೆ ಕನಿಷ್ಠ ಅರ್ಧದಷ್ಟು ಯುರೋಪಿಯನ್ ಅಥವಾ ಅಮೆರಿಕನ್ ಸದಸ್ಯರ ಜ್ಯೂರಿ ಕೇಳುವ ಹಕ್ಕು ದಕ್ಕಿತು. ತನ್ನವರೇ ತೀರ್ಪು ಹೇಳಲೆಂಬ ತತ್ತ್ವ ಇಲ್ಲಿ ಆಳುವವರ ರಕ್ಷಾಕವಚವಾಯಿತು.

1958ರಲ್ಲಿ ಕಾನೂನು ಆಯೋಗ ಪದ್ಧತಿಯ ರದ್ದತಿಗೆ ಶಿಫಾರಸು ಮಾಡಿತ್ತು. ಮರುವರ್ಷ ಮುಂಬಯಿಯಲ್ಲಿ ನೌಕಾಪಡೆಯ ಅಧಿಕಾರಿ ನಾನಾವತಿಯ ಮೇಲಿನ ಕೊಲೆ ಮೊಕದ್ದಮೆಯಲ್ಲಿ ಜ್ಯೂರಿ 8–1ರಿಂದ ಆರೋಪಿ ನಿರ್ದೋಷಿ ಎಂದಿತು. ನ್ಯಾಯಾಧೀಶರು ಒಪ್ಪದೆ ಹೈಕೋರ್ಟಿಗೆ ಕಳುಹಿಸಿದರು, ಅಲ್ಲಿ ಶಿಕ್ಷೆಯಾಯಿತು. 1973ರ ಸಂಹಿತೆಯಲ್ಲಿ ಜ್ಯೂರಿಗೆ ಎಡೆಯೇ ಇರಲಿಲ್ಲ. ಪಾರ್ಸಿ ವಿವಾಹ ನ್ಯಾಯಾಲಯಗಳಲ್ಲಿ ಸಮುದಾಯದ ಪ್ರತಿನಿಧಿಗಳು ನ್ಯಾಯಾಧೀಶರ ಜೊತೆ ಕೂರುವ ಏರ್ಪಾಡನ್ನು ಮಾತ್ರ 1936ರ ಪಾರ್ಸಿ ವಿವಾಹ ಕಾಯಿದೆ ಉಳಿಸಿಕೊಂಡಿದೆ.